ವಾಂತಿ ನಿಂತಿತು, ಹೊಟ್ಟೆ ಯಾಕೆ ಇನ್ನೂ ಮುನಿಸಿಕೊಂಡಿದೆ?

ಫುಡ್ ಪಾಯಿಸನ್ ಆಗಿ ಮೂರು ದಿನ ಹಾಸಿಗೆ ಹಿಡಿದವರು ನಾಲ್ಕನೇ ದಿನ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಏನು ಹೇಳಿ? ಗಟ್ಟಿ ಹಾಲಿನ ಒಂದು ಲೋಟ ಕಾಫಿ! ನಾನೂ ಅದನ್ನೇ ಮಾಡಿದೆ. ಸಂಬಂಧಿಕರ ಮನೆಯ ನಾಮಕರಣದ ಊಟ ಮುಗಿಸಿ ಬಂದ ಮರುದಿನ ಶುರುವಾದ ವಾಂತಿ-ಭೇದಿ ಮೂರು ದಿನಕ್ಕೆ ನಿಂತಿತ್ತು. ಅಬ್ಬಾ, ಮುಗೀತು ಅಂದುಕೊಂಡು ಕಾಫಿ ಕುಡಿದು ಕುಕ್ಕರ್ ಇಟ್ಟೆ. ಮೂರನೇ ವಿಷಲ್ ಕೂಗೋ ಮುಂಚೆ ಹೊಟ್ಟೆಯಲ್ಲಿ ಗುಡುಗುಡು, ಟಾಯ್ಲೆಟ್ಟಿಗೆ ಓಟ. ಅಲ್ಲಿಂದ ಎರಡು ವಾರ ಇದೇ ಕಥೆ. ಏನು ತಿಂದರೂ ಹೊಟ್ಟೆ ಉಬ್ಬರ, ಗ್ಯಾಸ್. ಊಟದ ತಟ್ಟೆಯಿಂದ ಏಳುವುದರೊಳಗೆ ಅವಸರ. ಮಧ್ಯೆ ಎರಡು ದಿನ ಹೊಟ್ಟೆ ಸುದ್ದಿಯೇ ಇಲ್ಲ!

ನಿಮಗೂ ಹೀಗಾಗಿರಬಹುದು. ಆದರೆ ಟಾಯ್ಲೆಟ್ ವಿಷಯವನ್ನು ಬಾಯಿಬಿಟ್ಟು ಹೇಳೋಕೆ ನಮಗೆಲ್ಲ ಸಂಕೋಚ. ಒಳಗೊಳಗೇ ಹೆದರುತ್ತೇವೆ, ಇಲ್ಲವೇ ಹಳೆಯ ಚೀಟಿಯ ಮಾತ್ರೆಗಳನ್ನು ಹುಡುಕಿ ನುಂಗುತ್ತೇವೆ. ಎರಡೂ ಬೇಡ.

ಆಗುವುದಿಷ್ಟೇ. ನಮ್ಮ ಸಣ್ಣ ಕರುಳಿನ ಒಳಗೋಡೆ ಮಖಮಲ್ ಬಟ್ಟೆಯ ಹಾಗೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಇರುವುದು ಈ ಎಳೆಗಳ ತುದಿಯಲ್ಲೇ. ಎಷ್ಟೋ ಸಲ ಹೊಟ್ಟೆ ಕೆಡಿಸುವ ರೋಗಾಣು ಮೊದಲು ಏಟು ಕೊಡುವುದು ಅಲ್ಲಿಗೇ. ಗೋಡೆಯ ಜೀವಕೋಶಗಳು ನಾಲ್ಕೈದು ದಿನದಲ್ಲಿ ಹೊಸದಾಗಿ ಬರುತ್ತವೆ ನಿಜ, ಆದರೆ ಕಿಣ್ವ ಮೊದಲಿನ ಮಟ್ಟಕ್ಕೆ ಬರಲು ಕೆಲವರಿಗೆ ಕೆಲವು ವಾರವೇ ಬೇಕು. ಅಲ್ಲಿಯತನಕ ಕುಡಿದ ಹಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ. ಗ್ಯಾಸ್, ಗುಡುಗು, ನೀರಾದ ಭೇದಿ ಎಲ್ಲ ಅದರಿಂದಲೇ. ಹುಟ್ಟಿದಾಗಿನಿಂದ ಹಾಲು ಕುಡಿದವಳು ನಾನು, ನನಗೇಕೆ ಹಾಲು ಆಗಲ್ಲ ಅಂತ ವಾದ ಮಾಡಬೇಡಿ. ಎರಡು ವಾರ ಬಿಟ್ಟು ನೋಡಿ. ಮೊಸರು, ಮಜ್ಜಿಗೆ ಪರವಾಗಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಅಷ್ಟಿಷ್ಟು ತಿಂದು ಮುಗಿಸಿರುತ್ತದೆ. ಅಜ್ಜಿಯಂದಿರು ಕಾಯಿಲೆ ಬಿದ್ದವರಿಗೆ ಮೆತ್ತಗಿನ ಮಜ್ಜಿಗೆ ಅನ್ನ ಕಲಸಿ ಕೊಡುತ್ತಿದ್ದುದು ಸುಮ್ಮನೆ ಅಲ್ಲ ಕಣ್ರೀ.

ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ಕರುಳು ಚಲಿಸುವುದು ಎಲ್ಲರಲ್ಲೂ ಇರುವ ಸಹಜ ಗುಣ. ನೊಂದ ಕರುಳು ಅದನ್ನೇ ಅತಿಯಾಗಿ ಮಾಡುತ್ತದೆ, ಊಟದ ಮಧ್ಯೆ ಅವಸರವಾಗುವುದು ಅದಕ್ಕೇ. ಇನ್ನು ಎರಡು ಮೂರು ದಿನ ಮಲ ಆಗಲೇ ಇಲ್ಲ ಅಂತ ಗಾಬರಿಯಾಗಿ ಹರಳೆಣ್ಣೆ ಬಾಟಲಿ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ! ಖಾಲಿಯಾದ ಹೊಟ್ಟೆ ತುಂಬಲು ಸಮಯ ಬೇಡವೇ? ನೀರು ಚೆನ್ನಾಗಿ ಕುಡಿದು ಊಟ ನಿಧಾನವಾಗಿ ಹೆಚ್ಚಿಸಿದರೆ ಸಾಕು.

ಊಟ ಅಂದರೆ ಏನು? ಗಂಜಿ, ಇಡ್ಲಿ, ಹೆಸರುಬೇಳೆ ಹಾಕಿದ ಮೆತ್ತಗಿನ ಅನ್ನ, ಬಾಳೆಹಣ್ಣು, ಬೇಯಿಸಿದ ಕ್ಯಾರೆಟ್. ಒಂದೇ ಸಲ ಹೊಟ್ಟೆ ತುಂಬ ಅಲ್ಲ, ಸ್ವಲ್ಪ ಸ್ವಲ್ಪ ನಾಲ್ಕೈದು ಬಾರಿ. ಬಜ್ಜಿ, ಬೋಂಡಾ, ಅವರೆಕಾಳು, ಹಸಿ ಸೊಪ್ಪಿನ ಕೋಸಂಬರಿ, ಖಾರದ ಸಾರು ಒಂದು ವಾರ ದೂರವಿರಲಿ. ಬರೀ ಗಂಜಿಯಲ್ಲೇ ಹದಿನೈದು ದಿನ ಕಳೆಯುವುದೂ ತಪ್ಪು, ಸುಸ್ತು ಹೋಗುವುದಿಲ್ಲ. ಭೇದಿ ಮತ್ತೆ ಕಾಣಿಸಿದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಮನೆಯಲ್ಲೇ ಮಾಡುವುದಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದ ಹಾಗಿರಬಾರದು, ತಲೆ ಸಮ ಇರಬೇಕು. ಅಂಗಡಿಯ ಬಣ್ಣದ ಸಿಹಿ ಪಾನೀಯಗಳನ್ನು ಇದೇ ಹೆಸರಲ್ಲಿ ನಂಬಬೇಡಿ. ಸರಿಯಾದ ಸೂತ್ರದಲ್ಲಿ ಇಲ್ಲದ ಪಾನೀಯಗಳು ಓಆರ್‌ಎಸ್ ಅಂತ ಹಾಕಿಕೊಳ್ಳಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶವನ್ನೇ ಹೊರಡಿಸಬೇಕಾಯಿತು.

ಯಾವಾಗ ಡಾಕ್ಟರ ಬಳಿ ಓಡಬೇಕು? ಮಲದಲ್ಲಿ ರಕ್ತ, 102 ಡಿಗ್ರಿ ದಾಟಿದ ಜ್ವರ, 3 ದಿನವಾದರೂ ನಿಲ್ಲದ ಭೇದಿ, ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಮೂತ್ರ ಕಡಿಮೆಯಾಗಿ ತಲೆ ಸುತ್ತುವುದು. ಮನೆಯಲ್ಲಿ ಬಸುರಿ, ಚಿಕ್ಕ ಮಗು, ವಯಸ್ಸಾದವರು ಮಲಗಿದ್ದರೆ ಇಷ್ಟಕ್ಕೂ ಕಾಯಬೇಡಿ. ರಕ್ತ ಅಥವಾ ಜ್ವರ ಇರುವಾಗ ಭೇದಿ ನಿಲ್ಲಿಸುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗಲೇಬಾರದು.

ಇನ್ನೊಂದು ವಿಷಯ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಪುಟ್ಟ ಊರಿನ ಕುಡಿಯುವ ನೀರಿಗೆ ರೋಗಾಣು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ವಾಂತಿ-ಭೇದಿಯಿಂದ ನರಳಿದರು. ವೈದ್ಯರು ಅಲ್ಲಿಯವರನ್ನು ವರ್ಷಗಟ್ಟಲೆ ಗಮನಿಸಿದಾಗ, ಎಂಟು ವರ್ಷದ ನಂತರವೂ ಕೆಲವರಿಗೆ ಹೊಟ್ಟೆಯ ತಕರಾರು ಉಳಿದಿತ್ತು. ಕರುಳಿನ ಸೋಂಕಾದ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗೆ ಐಬಿಎಸ್ ಎಂಬ ತೊಂದರೆ ಅಂಟಿಕೊಳ್ಳುತ್ತದಂತೆ, ಅದರಲ್ಲೂ ಹೆಂಗಸರಿಗೇ ಹೆಚ್ಚು. ಇದಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ನಾಲ್ಕು ವಾರ ಕಳೆದರೂ ಹೊಟ್ಟೆ ದಾರಿಗೆ ಬರದಿದ್ದರೆ, ತೂಕ ಇಳಿಯುತ್ತಿದ್ದರೆ, ಭೇದಿಗೆಂದು ನಡುರಾತ್ರಿ ಎಚ್ಚರವಾಗುತ್ತಿದ್ದರೆ 'ಗ್ಯಾಸ್ಟ್ರಿಕ್ಕು, ಬಿಡು' ಅಂತ ಜೀರಿಗೆ ಕಷಾಯ ಕುಡಿದು ಕೂರಬೇಡಿ. ನಾಚಿಕೆ ಬಿಟ್ಟು ದಿನಕ್ಕೆ ಎಷ್ಟು ಸಲ, ಹೇಗೆ ಅನ್ನೋದನ್ನೂ ಡಾಕ್ಟರಿಗೆ ಹೇಳಿ.

ಈಗ ನನ್ನ ನಿಜವಾದ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಅಡುಗೆಯವರಿಗೆ ವಾಂತಿ-ಭೇದಿ ಆದರೆ, ಅದು ನಿಂತ ಮೇಲೂ 48 ಗಂಟೆ ಅಡುಗೆಗೆ ಕೈ ಹಾಕಬಾರದು ಎಂಬುದು ಹೋಟೆಲುಗಳಿಗೆ ಹೇಳುವ ನಿಯಮ. ಭೇದಿ ನಿಂತರೂ ರೋಗಾಣು ದೇಹದಿಂದ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಹೊರಬರುತ್ತಲೇ ಇರುತ್ತದೆ. ಮನೆಯಲ್ಲಿ ಅಡುಗೆಯವರು ಯಾರು? ನಾವೇ ತಾನೇ! ಆದರೆ ನಮಗೆ ಎರಡು ದಿನದ ರಜೆ ಕೊಡುವವರು ಯಾರು? ಪಾಪ ಅವರಿಗೆ ಡಬ್ಬಿ ಇಲ್ಲ, ಮಕ್ಕಳಿಗೆ ತಿಂಡಿ ಇಲ್ಲ ಅಂತ ನಾವೇ ತೂರಾಡಿಕೊಂಡು ಎದ್ದು ಹಿಟ್ಟು ಕಲಸುತ್ತೇವೆ. ನಾವು ಎದ್ದು ಮಾಡಿದ ಚಪಾತಿಯ ಜೊತೆಗೇ ನಮ್ಮ ಕಾಯಿಲೆಯನ್ನೂ ಮಕ್ಕಳ ಡಬ್ಬಿಗೆ ಹಾಕಿ ಕಳಿಸುತ್ತಿರಬಹುದು. ಅಡುಗೆಮನೆಗೆ ಹೋಗಲೇಬೇಕಾದರೆ ಟಾಯ್ಲೆಟ್ಟಿನಿಂದ ಬಂದ ಮೇಲೆ, ಪಾತ್ರೆ ಮುಟ್ಟುವ ಮುಂಚೆ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯಿರಿ. ಟವೆಲ್ ಬೇರೆ ಇಟ್ಟುಕೊಳ್ಳಿ.

ಮುಂದಿನ ಸಲ ಹೀಗಾದರೆ ನಾನಂತೂ ಎರಡು ದಿನ ಮಲಗುವವಳೇ ಅಂತ ನಮ್ಮ ಯಜಮಾನರಿಗೆ ಹೇಳಿಬಿಟ್ಟಿದ್ದೇನೆ. ಅನ್ನಕ್ಕೆ ನೀರು ಎಷ್ಟು ಹಾಕಬೇಕು ಅಂತ ಈಗಲೇ ಕೇಳಿಕೊಂಡಿದ್ದಾರೆ.