ಮೈಕ್ ಹಿಡಿದವನಿಗೆ ಶಾಲು ಸಾಕೇ?

‘ಮೈಕ್ ಹಿಡ್ಕೊಂಡು ಓಡಾಡಿದ್ರ ಹೊಟ್ಟಿ ತುಂಬತೈತೇನಲೇ?’

ಕಳೆದ ದೀಪಾವಳಿಯಲ್ಲಿ ಅಪ್ಪ ಕೇಳಿದ ಈ ಪ್ರಶ್ನೆಗೆ ನನ್ನ ಬಳಿ ಇನ್ನೂ ಪೂರ್ತಿ ಉತ್ತರವಿಲ್ಲ. ಬಿ.ಎ. ಮುಗಿದು ಎರಡು ವರ್ಷವಾಯಿತು. ಹಗಲು ಸ್ಪರ್ಧಾತ್ಮಕ ಪರೀಕ್ಷೆಯ ಓದು. ಕದರಮಂಡಲಗಿಯ ಸುತ್ತಮುತ್ತ ಕೊಬ್ಬರಿ ಹೋರಿ ಹಬ್ಬವೋ ಕಬಡ್ಡಿ ಟೂರ್ನಿಯೋ ನಡೆದರೆ ಕಾಮೆಂಟರಿಗೆ ನನಗೆ ಕರೆ. ಕೊನೆಗೆ ಒಂದು ಶಾಲು, ಒಂದು ಹಾರ. ಅದೃಷ್ಟವಿದ್ದರೆ ಪೆಟ್ರೋಲ್ ಖರ್ಚು.

ಹೋರಿ ಹಬ್ಬ ನೋಡದವರಿಗೆ ಒಂದು ಮಾತು. ಕೊರಳಿಗೆ ಒಣಕೊಬ್ಬರಿ ಸರ, ಮೈತುಂಬ ಬಲೂನು, ರಿಬ್ಬನ್ನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ಜಿಗಿಯುತ್ತದೆ. ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಮುಂದಿನ ಸಾಲು ಬಿಟ್ಟರೆ ಉಳಿದವರಿಗೆ ಕಾಣುವುದು ಧೂಳು ಮಾತ್ರ. ಯಾವ ಊರಿನ ಹೋರಿ, ಕೊಬ್ಬರಿ ಉಳಿಯಿತೋ ಹೋಯಿತೋ ಎಂದು ತಿಳಿಯುವುದು ಮೈಕಿನಿಂದಲೇ. ಅಂದರೆ ನಾವು ಮಾಡುವುದು ರೇಡಿಯೊ ಕೆಲಸವೇ.

ಇದು ನನಗೆ ಹೊಳೆದದ್ದು ಅಮೆರಿಕದ ಬೇಸ್‌ಬಾಲ್ ಕಾಮೆಂಟರಿ ಹೇಳುವವರ ಬಗ್ಗೆ ಓದುವಾಗ. ವಿನ್ ಸ್ಕಲ್ಲಿ ಕಾಲೇಜು ರೇಡಿಯೊದಲ್ಲಿ ಕಲಿತವರು. 1950ರಲ್ಲಿ, 22ನೇ ವಯಸ್ಸಿಗೆ, ಡಾಜರ್ಸ್ ತಂಡದ ಆಟಗಳನ್ನು ಹೇಳಲು ಶುರು ಮಾಡಿ 2016ರವರೆಗೆ, 67 ಋತು, ಅದೇ ತಂಡಕ್ಕೆ ದನಿಯಾದರು. ಲಾಸ್ ಏಂಜಲೀಸ್‌ನ ಜನ ಮೈದಾನದಲ್ಲಿ ಕೂತು ಆಟ ನೋಡುತ್ತಲೇ ಟ್ರಾನ್ಸಿಸ್ಟರ್‌ನಲ್ಲಿ ಅವರ ಮಾತು ಕೇಳುತ್ತಿದ್ದರಂತೆ! ಅವರ ಗುರು ರೆಡ್ ಬಾರ್ಬರ್ ಎದುರಿಗೆ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳು ಗಡಿಯಾರ ಇರುತ್ತಿತ್ತು. ಮರಳು ಇಳಿದಾಗಲೆಲ್ಲ ಸ್ಕೋರ್ ಹೇಳಿ ಗಡಿಯಾರ ತಿರುಗಿಸುತ್ತಿದ್ದರು. ಈಗಷ್ಟೇ ರೇಡಿಯೊ ಹಚ್ಚಿದವನಿಗೂ ಆಟ ಎಲ್ಲಿಗೆ ಬಂತೆಂದು ತಿಳಿಯಬೇಕಲ್ಲ.

ನಾನು ಹತ್ತು ನಿಮಿಷ ಪ್ರಾಸ ಹೊಡೆದು, ಗಣ್ಯರ ಹೆಸರು ಹೇಳಿ, ಸ್ಕೋರನ್ನೇ ಮರೆತ ರಾತ್ರಿಗಳಿವೆ. ಈಗ ಮೊಬೈಲ್‌ನಲ್ಲಿ ಟೈಮರ್ ಇಡುತ್ತೇನೆ. ಆಟಕ್ಕೆ ಮೊದಲೇ ಹೋಗಿ ರೈಡರ್‌ಗಳ ಹೆಸರು, ಜೆರ್ಸಿ ನಂಬರ್ ಬರೆದುಕೊಳ್ಳುತ್ತೇನೆ.

ಮರೆತದ್ದಕ್ಕಿಂತ ದೊಡ್ಡ ತಪ್ಪೂ ನನ್ನಿಂದಾಗಿದೆ. ಒಂದೂರಿನ ಹೋರಿ ಹಬ್ಬದಲ್ಲಿ ಹುರುಪಿಗೆ ಬಿದ್ದು, ‘ಈ ಹೋರಿ ಮುಟ್ಟೋ ಗಂಡಸು ಈ ಊರಾಗ ಯಾರೂ ಇಲ್ಲೇನು?’ ಎಂದು ಕೂಗಿದೆ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಅಖಾಡಕ್ಕೆ ಇಳಿದ. ಭುಜದ ಮೂಳೆ ಮುರಿಯಿತು. ನನ್ನನ್ನು ಯಾರೂ ಬೈಯಲಿಲ್ಲ, ಮೈಕಿನವನ ಮಾತನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಆದರೆ ಅವನು ಇಳಿದದ್ದು ನನ್ನ ಮಾತಿಗೆ ಎಂಬುದು ನನಗೆ ಗೊತ್ತು. ಇಡೀ ಅಖಾಡ ಕಾಣುವ ಎತ್ತರದಲ್ಲಿ ನಿಂತಿರುವವನು ನಾನು. ಓಟದ ದಾರಿಯಲ್ಲಿ ಮುದುಕರು, ಮಕ್ಕಳು ಅಡ್ಡ ಬಂದರೆ ಮೊದಲು ನೋಡಬೇಕಾದವನೂ ನಾನೇ. ಇಷ್ಟು ಹೊಣೆಯ ಕೆಲಸವನ್ನು ‘ಹವ್ಯಾಸ’ ಎಂದು ತಳ್ಳಿಹಾಕುವುದು ಸರಿಯಲ್ಲ.

ಹಾಗೆಂದು ಓದು ಬಿಟ್ಟು ಮೈಕ್ ಹಿಡಿಯಿರಿ ಎನ್ನಲಾರೆ. ಕನ್ನಡ ಕಾಮೆಂಟರಿಗೆ ಈಗ ಬೆಲೆ ಬಂದಿರುವುದು ನಿಜ. 2023ರಲ್ಲಿ ಜಿಯೊಸಿನಿಮಾ ಐಪಿಎಲ್ ಪಂದ್ಯಗಳನ್ನು ಕನ್ನಡವೂ ಸೇರಿ 12 ಭಾಷೆಗಳಲ್ಲಿ ತೋರಿಸಿತು. ಆದರೆ ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ ಅವರಂತೆ ಆಡಿ ಬಂದವರ ಪಕ್ಕದಲ್ಲಿ ಆಡದವರಿಗೆ ಸಿಗುವ ಕುರ್ಚಿಗಳು ಬೆರಳೆಣಿಕೆಯಷ್ಟು. ಆಕಾಶವಾಣಿಯಲ್ಲಿ ಹಂಗಾಮಿ ಉದ್ಘೋಷಕರಾಗಲು ಧ್ವನಿ ಪರೀಕ್ಷೆ ಇದೆ. ಗೆದ್ದರೂ ತಿಂಗಳಿಗೆ ಕೆಲವೇ ಪಾಳಿ. ಆದರೂ ಬರೆಯಿರಿ. ನಾನೂ ಒಮ್ಮೆ ಬರೆದು ಫೇಲಾದೆ, ‘ಶ’ಕಾರ ‘ಸ’ಕಾರ ಎರಡೂ ಒಂದೇ ಆಗಿದ್ದವು. ಈಗ ದಿನಾ ಬೆಳಿಗ್ಗೆ ಪತ್ರಿಕೆಯ ಒಂದು ಪುಟ ಗಟ್ಟಿಯಾಗಿ ಓದುತ್ತೇನೆ, ಅವ್ವ ನಗುತ್ತಾಳೆ.

ಅಲ್ಲಿಯವರೆಗೆ ನಮ್ಮ ಮೈದಾನ ಊರಿನದೇ. ಹಾಗಾದರೆ ಬೆಲೆಯನ್ನೂ ಇಲ್ಲೇ ಕೇಳಬೇಕು. ಮೊನ್ನೆ ಕಬಡ್ಡಿ ಸಂಘಟಕರೊಬ್ಬರು ಫೋನ್ ಮಾಡಿದಾಗ, ‘ಈ ಸಲ ಶಾಲು ಬ್ಯಾಡ್ರಿ, ಸಾವಿರ ರೂಪಾಯಿ ಕೊಡ್ರಿ’ ಎಂದೆ.

‘ಮಾತಾಡಾಕೂ ರೊಕ್ಕ ಏನ್ರೀ?’

‘ಸೌಂಡ್ ಸಿಸ್ಟಮ್‌ದವ್ರಿಗೆ ಎಷ್ಟ್ ಕೊಡ್ತೀರಿ, ಅಣ್ಣಾರ?’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಆತು, ಎಂಟಕ್ಕ ಬರ್ರಿ’ ಎಂದರು. ಏಳಕ್ಕೇ ಹೋಗಿ ಹೆಸರು ಬರೆದುಕೊಳ್ಳಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ.