ಮಕ್ತಲ್‌ಗೆ ಇಪ್ಪತ್ತು, ರಾಯಚೂರಿಗೆ ನಲವತ್ತು

ಬೋರ್ಡಿನ ಮೇಲೆ ಜಿಎಸ್‌ಟಿ ನಂಬರಿಲ್ಲದ ಅಂಗಡಿ ಎಂದರೆ ತೆರಿಗೆ ಕದಿಯುವ ಅಂಗಡಿ ಎಂದು ಕೂತಲ್ಲೇ ತೀರ್ಪು ಕೊಡುವ ಪಂಡಿತರಿಗೆ ಈಗ ಬರವಿಲ್ಲ. ಇವರಲ್ಲಿ ಎಷ್ಟು ಮಂದಿ ಆ ನಂಬರನ್ನು ಒಮ್ಮೆಯಾದರೂ ಓದಿದ್ದಾರೆ? ಅದರಲ್ಲಿ ಹದಿನೈದು ಮನೆಗಳಿವೆ. ಮೊದಲ ಎರಡು ರಾಜ್ಯದವು, ಮುಂದಿನ ಹತ್ತು ಪ್ಯಾನ್ ಸಂಖ್ಯೆಯವು. ಹದಿಮೂರನೆಯದು ಅದೇ ಪ್ಯಾನ್ ಮೇಲೆ ಆ ರಾಜ್ಯದಲ್ಲಿ ಪಡೆದ ಎಷ್ಟನೆಯ ನೋಂದಣಿ ಎಂದು ಹೇಳುತ್ತದೆ. ಹದಿನಾಲ್ಕನೆಯದು ಸಾಮಾನ್ಯವಾಗಿ ‘ಝಡ್’, ಕೊನೆಯದು ತಾಳೆ ನೋಡುವುದಕ್ಕೆ. ಆರನೆಯ ಅಕ್ಷರ ‘ಪಿ’ ಇದ್ದರೆ ಒಬ್ಬನ ವ್ಯಾಪಾರ, ‘ಎಫ್’ ಇದ್ದರೆ ಪಾಲುದಾರಿಕೆ, ‘ಸಿ’ ಇದ್ದರೆ ಕಂಪನಿ. ಜಿಎಸ್‌ಟಿ ಜಾಲತಾಣದಲ್ಲಿ ಆ ನಂಬರು ಹಾಕಿದರೆ ಮಾಲೀಕನ ಹೆಸರು, ನೋಂದಣಿಯ ದಿನ, ನಂಬರು ಜೀವಂತವೋ ರದ್ದಾಗಿದೆಯೋ ಎಲ್ಲವೂ ಯಾರಿಗಾದರೂ ಸಿಗುತ್ತದೆ. ನಂಬರೇ ಇಲ್ಲದವನು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಸೇರಿಸಿ ಕಾಸು ಕಿತ್ತರೆ ಅವನು ಕಳ್ಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಜಗಳ ಇರುವುದು ಆ ಮೊದಲ ಎರಡು ಅಂಕಿಗಳ ಜೊತೆ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಅದು 36. ಗಡಿ ದಾಟಿ ಕರ್ನಾಟಕದ ರಾಯಚೂರಿಗೆ ಹೋದರೆ 29.

2019ರ ಜನವರಿ 10ರಂದು ಜಿಎಸ್‌ಟಿ ಮಂಡಳಿ ಸರಕು ಮಾರುವವರ ನೋಂದಣಿ ಮಿತಿಯನ್ನು ವರ್ಷಕ್ಕೆ 20 ಲಕ್ಷದಿಂದ 40 ಲಕ್ಷ ವಹಿವಾಟಿಗೆ ಏರಿಸಲು ಒಪ್ಪಿತು. ಬೇಕೋ ಬೇಡವೋ ಎನ್ನುವುದನ್ನು ರಾಜ್ಯಗಳ ಆಯ್ಕೆಗೆ ಬಿಟ್ಟಿತು. ಕರ್ನಾಟಕ 40 ಎಂದಿತು, ಆಂಧ್ರ 40 ಎಂದಿತು, ಮಹಾರಾಷ್ಟ್ರವೂ 40 ಎಂದಿತು. ತೆಲಂಗಾಣ ಮಾತ್ರ ಈಶಾನ್ಯದ ಗುಡ್ಡಗಾಡು ರಾಜ್ಯಗಳ ಸಾಲಿನಲ್ಲಿ ಕೂತು ತನಗೆ 20 ಸಾಕು ಎಂದಿತು. ಅದೇ ಫೆಬ್ರವರಿಯಲ್ಲಿ ನಾರಾಯಣಪೇಟೆಯನ್ನು ಹೊಸ ಜಿಲ್ಲೆ ಮಾಡಿ ಮೆರವಣಿಗೆ ತೆಗೆದರು. ಏಪ್ರಿಲ್ 1ರಿಂದ ಆ ಹೊಸ ಜಿಲ್ಲೆಯ ಅಂಗಡಿಯವನ ಮಿತಿ ಪಕ್ಕದ ರಾಯಚೂರಿನವನ ಮಿತಿಯ ಅರ್ಧವಾಯಿತು. ಗದ್ವಾಲಕ್ಕೂ ರಾಯಚೂರಿಗೂ ನಡುವೆ ಒಂದು ಹೊಳೆಯೂ ಅಡ್ಡವಿಲ್ಲ. ಎರಡೂ ಕೃಷ್ಣೆ ತುಂಗಭದ್ರೆಗಳ ನಡುವಿನ ಒಂದೇ ದೋಆಬಿನ ಊರುಗಳು. ಆದರೂ ಒಂದೇ ಸರಕನ್ನು ಒಂದೇ ಬೆಲೆಗೆ ಮಾರುವ ಇಬ್ಬರಲ್ಲಿ ಒಬ್ಬ ನಂಬರು ಬೇಕಿಲ್ಲದ ಸಣ್ಣ ವ್ಯಾಪಾರಿ, ಇನ್ನೊಬ್ಬ ನಂಬರಿಲ್ಲದ ಅಪರಾಧಿ.

ಇಪ್ಪತ್ತು ಲಕ್ಷವೇನು ಕಡಿಮೆಯೇ ಎಂದು ಕೇಳುವವರು ವಹಿವಾಟಿಗೂ ಆದಾಯಕ್ಕೂ ವ್ಯತ್ಯಾಸ ತಿಳಿಯದವರು. ಇಪ್ಪತ್ತು ಲಕ್ಷವನ್ನು 365ರಿಂದ ಭಾಗಿಸಿ ನೋಡಿ: ದಿನಕ್ಕೆ ಸುಮಾರು 5,480 ರೂಪಾಯಿಯ ಮಾರಾಟ. ನೂರಕ್ಕೆ ಹತ್ತು ರೂಪಾಯಿ ಉಳಿದರೂ ಕೈಗೆ ಬರುವುದು ದಿನಕ್ಕೆ 548. ಅದರಲ್ಲೇ ಅಂಗಡಿ ಬಾಡಿಗೆ, ಕರೆಂಟು, ಸಾಲದ ಬಡ್ಡಿ. ಇನ್ನೂ ಒಂದು ಚಂದವಿದೆ. ಈ ಮಿತಿಗೆ ಹಿಡಿಯುವ ಒಟ್ಟು ವಹಿವಾಟಿನಲ್ಲಿ ತೆರಿಗೆಯೇ ಇಲ್ಲದ ಸರಕೂ ಸೇರುತ್ತದೆ. ಕಿರಾಣಿಯವನು ಬಿಡಿಯಾಗಿ ಅಳೆದು ಕೊಟ್ಟ ಜೋಳ, ತೊಗರಿಬೇಳೆಯ ದುಡ್ಡೂ ಲೆಕ್ಕಕ್ಕೆ ಬಂದು ಅವನನ್ನು ಗೆರೆ ದಾಟಿಸುತ್ತದೆ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಅಂಗಡಿಯವರು ಕ್ಯೂಆರ್ ಕೋಡುಗಳನ್ನೇ ಕಿತ್ತುಹಾಕಿದರು. ಕೊನೆಗೆ ಮುಖ್ಯಮಂತ್ರಿಯೇ ವ್ಯಾಪಾರಿಗಳನ್ನು ಕರೆದು ಕೂರಿಸಿ ಹಳೆಯ ಬಾಕಿ ಕೇಳುವುದಿಲ್ಲ ಎನ್ನಬೇಕಾಯಿತು. ಅದು 40 ಲಕ್ಷದ ಮಿತಿ ಇರುವ ರಾಜ್ಯದ ಕಥೆ. ಅದೇ ಜರಡಿಯನ್ನು 20 ಲಕ್ಷದ ನಾಡಿನಲ್ಲಿ ಹಿಡಿದರೆ ಮಕ್ತಲ್ ಬಜಾರಿನಲ್ಲಿ ಯಾರು ಉಳಿದಾರು?

ಕಾಂಪೊಸಿಷನ್ ಯೋಜನೆ ಇದೆಯಲ್ಲ, ವಹಿವಾಟಿನಲ್ಲಿ ನೂರಕ್ಕೆ ಒಂದು ಕಟ್ಟಿ ಸುಮ್ಮನಿರಿ ಎನ್ನುವುದು ಇನ್ನೊಂದು ಉಪದೇಶ. ಆ ಒಂದು ರೂಪಾಯಿಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಕೊಂಡ ಸರಕಿನ ಮೇಲೆ ಕಟ್ಟಿದ ತೆರಿಗೆ ವಾಪಸ್ಸು ಬರುವುದಿಲ್ಲ. ಅದಿರಲಿ, ಕಾಂಪೊಸಿಷನ್ ವ್ಯಾಪಾರಿ ರಾಜ್ಯದ ಗಡಿಯಾಚೆ ಒಂದು ಸೀರೆಯನ್ನೂ ಮಾರಿ ಕಳಿಸುವಂತಿಲ್ಲ. ವರಂಗಲ್ಲಿನವನಿಗೆ ಅದು ಸಣ್ಣ ತೊಡಕಿರಬಹುದು. ಅರ್ಧ ಗಿರಾಕಿಗಳು ರಾಯಚೂರು, ಯಾದಗಿರಿ, ಗುರುಮಠಕಲ್ಲಿನಲ್ಲಿರುವ ಊರಿನವನಿಗೆ ಅದು ಕಾಲಿಗೆ ಕಟ್ಟಿದ ಗುಂಡುಕಲ್ಲು. ನೇಕಾರರಿಗೆ ವಿನಾಯಿತಿ ಉಂಟೆಂದು ಹೇಳುವವರೂ ಇದ್ದಾರೆ. ಉಂಟು, ಆದರೆ ಅದರ ಬಾಲ ನೋಡಿ. ಮಿತಿಯೊಳಗಿನವನು ಕೈಮಗ್ಗದ ಬಟ್ಟೆಯನ್ನು ನಂಬರಿಲ್ಲದೆಯೇ ಹೊರರಾಜ್ಯಕ್ಕೆ ಮಾರಬಹುದು, ಆದರೆ ಪ್ಯಾನ್ ಬೇಕು, ಸರಕಿನ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ ಬೇಕು. ದೊಡ್ಡ ನೋಂದಾಯಿತ ಸಾಹುಕಾರನಿಗೆ 50,000 ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಆ ಕಾಗದದ ಗೊಡವೆಯಿಲ್ಲ. ಹತ್ತಿ ಒಡಲು, ರೇಷ್ಮೆ ಅಂಚು ಸೇರಿಸಿ ಗದ್ವಾಲ ಸೀರೆ ನೇಯ್ದವನು ಒಂದೇ ಸೀರೆಯನ್ನು ರಾಯಚೂರಿಗೆ ಮಾರಿ ಕಳಿಸಿದರೂ ಮೊದಲು ಕಂಪ್ಯೂಟರ್ ಮುಂದೆ ಕೂರಬೇಕು. ಇದರ ಹೆಸರು ವಿನಾಯಿತಿ.

ಆ ಕಂಪ್ಯೂಟರ್ ಮಾತಾಡುವುದು ಯಾವ ಭಾಷೆ? 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಮನೆಯಲ್ಲಿ ಕನ್ನಡ ಆಡುವ ಎಷ್ಟೋ ಹಳ್ಳಿಗಳು ಗೆರೆಯ ಆಚೆ ಉಳಿದವು. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಇವತ್ತಿಗೂ ಕನ್ನಡ ಶಾಲೆಗಳಿವೆ. ಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಸಿ, ಅದೇ ಮಕ್ಕಳು ಅಂಗಡಿ ಇಟ್ಟ ಮೇಲೆ ಇಂಗ್ಲಿಷಿನಲ್ಲಿ ಅರ್ಜಿ ತುಂಬಿ ಎನ್ನುತ್ತಾರೆ. ಹಾಗಾಗಿ ನಂಬರನ್ನು ಓದುವವನು ವ್ಯಾಪಾರಿಯಲ್ಲ, ಅವನ ಪರವಾಗಿ ಪಾಸ್‌ವರ್ಡ್ ಇಟ್ಟುಕೊಂಡ ಲೆಕ್ಕಿಗ. ರಿಟರ್ನ್ ತಪ್ಪಿದ್ದು, ನಂಬರು ರದ್ದಾದದ್ದು ಅಂಗಡಿಯವನಿಗೆ ತಿಳಿಯುವುದು ಕೊನೆಗೆ. ಕರ್ನಾಟಕಕ್ಕೆ ಗಡಿಯಾಚೆಯ ಕನ್ನಡಿಗರಾದ ನಾವು ನೆನಪಾಗುವುದು ರಾಜ್ಯೋತ್ಸವದ ವಾರದಲ್ಲಿ, ತೆಲಂಗಾಣಕ್ಕೆ ಚುನಾವಣೆಯ ವಾರದಲ್ಲಿ.

2022ರ ಅಕ್ಟೋಬರಿನಲ್ಲಿ ತೆಲಂಗಾಣದ ಆಗಿನ ಜವಳಿ ಸಚಿವ ಕೆ.ಟಿ. ರಾಮರಾವ್ ಕೈಮಗ್ಗದ ಮೇಲಿನ ಜಿಎಸ್‌ಟಿ ತೆಗೆಯಿರಿ ಎಂದು ಪ್ರಧಾನಿಗೆ ಸ್ವತಃ ಅಂಚೆಕಾರ್ಡ್ ಬರೆದು ಚಳವಳಿ ಮಾಡಿದರು. ಒಳ್ಳೆಯದೇ. ಆದರೆ 20 ಲಕ್ಷದ ಗೆರೆಯನ್ನು ಉಳಿಸಿಕೊಂಡದ್ದು ಅವರದೇ ಸರ್ಕಾರ. ಅದಕ್ಕೊಂದು ಕಾರ್ಡನ್ನು ಹೈದರಾಬಾದಿನ ವಿಳಾಸಕ್ಕೆ ಬರೆಯಬಹುದಿತ್ತು, ಅಂಚೆಯವನಿಗೆ ನಡಿಗೆಯೂ ಉಳಿಯುತ್ತಿತ್ತು. ಈಗ ಕಾಂಗ್ರೆಸ್ಸಿನ ಕಾಲ. ಮುಖ್ಯಮಂತ್ರಿ ರೇವಂತ್ ರೆಡ್ಡಿಯವರ ಕೊಡಂಗಲ್ ಕ್ಷೇತ್ರದ ಕೋಸ್ಗಿ, ಮದ್ದೂರುಗಳು ಇದೇ ನಾರಾಯಣಪೇಟೆ ಜಿಲ್ಲೆಯವು. ಮಕ್ತಲ್ ಶಾಸಕ ವಾಕಿಟಿ ಶ್ರೀಹರಿ 2025ರ ಜೂನಿನಲ್ಲಿ ಸಚಿವರಾದರು. ಮಿತಿ ಏರಿಸಿದರೆ ಖಜಾನೆಗೆ ನಷ್ಟ ಎನ್ನುವ ಸಬೂಬು ಇವರ ಬಾಯಲ್ಲೂ ಬಂದೀತು. ದಿನಕ್ಕೆ ಐದು ಸಾವಿರದ ಅಂಗಡಿಯಿಂದ ತುಂಬುವ ಖಜಾನೆ ಎಂಥದ್ದೋ! ಮಿತಿ ಏರಿದ ಮೇಲೂ ನಂಬರು ಬೇಕೆನ್ನುವವನು ಸ್ವಇಚ್ಛೆಯಿಂದ ಪಡೆಯಲು ಕಾಯ್ದೆಯಲ್ಲಿ ದಾರಿಯಿದೆ. ಬ್ಲೌಸ್ ಹೊಲಿಯುವವನಂಥ ಸೇವೆಯವರ ಮಿತಿ ಎರಡೂ ಕಡೆ 20 ಲಕ್ಷವೇ, ಅದು ಬೇರೆ ಜಗಳ. ಸರಕಿನ ಮಿತಿಯ ಮಾತಿಗೆ ಜಿಎಸ್‌ಟಿ ಕಾಯ್ದೆಯ 22ನೇ ಕಲಮು ಸ್ಪಷ್ಟವಾಗಿದೆ: ರಾಜ್ಯ ಕೋರಿದರೆ, ಮಂಡಳಿ ಶಿಫಾರಸು ಮಾಡಿದರೆ, 40 ಲಕ್ಷದವರೆಗೆ ಏರಿಸಬಹುದು. ಕೋರಬೇಕಾದವರು ಇಬ್ಬರೂ ಈ ಜಿಲ್ಲೆಯ ಓಟು ತಿಂದವರು.