ಮಳೆ ಒಂದೇ, ನೆಲ ಹಲವು



ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಭಾಗಿಸಿ, ಆಯಾ ದೇಶದ ಗಿಡಮರಗಳನ್ನು ಹೇಳಿರುತ್ತದೆ. ಆನೂಪವೆಂದರೆ ನೀರು ತುಂಬಿದ ನಾಡು. ಅಲ್ಲಿ ತೆಂಗು, ಬಾಳೆ, ತಮಾಲ. ಜಾಂಗಲವೆಂದರೆ ಒಣನಾಡು, ಅಲ್ಲಿ ಖದಿರ, ಬದರಿ, ಶಮೀ, ಕಕುಭ ಮೊದಲಾದವು. ವಿದ್ಯಾರ್ಥಿದಶೆಯಲ್ಲಿ ಇದನ್ನು ಓದುವಾಗ ನನಗೊಂದು ಸಂಶಯ ಹುಟ್ಟಿತ್ತು. ಶಮಿಯೆಂದರೆ ನಮ್ಮ ಬನ್ನಿ, ಕಡುಬೇಸಿಗೆಯಲ್ಲಿಯೂ ಚಿಗುರುವಂಥದು. ಕಕುಭವೆಂದರೆ ಹೊಳೆಮತ್ತಿ, ಹೆಸರೇ ಹೇಳುವಂತೆ ಅದು ಹೊಳೆಯ ದಂಡೆಯ ಮರ. ಇವೆರಡೂ ಒಂದೇ ಯಾದಿಯಲ್ಲಿ ಹೇಗೆ ಕೂಡಿದವು? ಗುರುಗಳನ್ನು ಕೇಳಲು ಧೈರ್ಯ ಸಾಲಲಿಲ್ಲ. ಉತ್ತರವು ಬಹುಕಾಲದ ಮೇಲೆ ನನ್ನದೇ ಒಂದು ತಪ್ಪಿನಿಂದ ದೊರೆಯಿತು.

ನಮ್ಮ ಅಂಕಲಿಯು ಕೃಷ್ಣೆಯ ದಂಡೆಯ ಊರು. ಇಲ್ಲಿಂದ ನೈಋತ್ಯಕ್ಕೆ, ಸಹ್ಯಾದ್ರಿಯ ನೆತ್ತಿಯಲ್ಲಿರುವ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ, ಪೂರ್ವಕ್ಕೆ ಅಥಣಿಯಲ್ಲಿ 600ರ ಆಚೀಚೆ. ಆ ಎರಡು ಊರುಗಳ ಅಂತರ ನೇರವಾಗಿ ಅಳೆದರೆ 150 ಕಿ.ಮೀ. ಕೂಡ ಆಗುವದಿಲ್ಲ. ಮೋಡಗಳು ಘಟ್ಟವನ್ನೇರುವಾಗಲೇ ತಮ್ಮ ಭಾರವನ್ನು ಇಳಿಸಿ, ನಮ್ಮ ಕಡೆಗೆ ಬರಿಗೈಯಿಂದ ಬರುತ್ತವೆ. ಆದುದರಿಂದ ಖಾನಾಪುರದ ಅಡವಿಯಲ್ಲಿ ಮತ್ತಿ, ನೇರಳೆ, ಸಾಗವಾನಿಗಳು. ಬೆಳಗಾವಿಯನ್ನು ದಾಟಿ ಮೂಡಲಿಗೆ ಬಂದಂತೆ ಮರಗಳು ಗಿಡ್ಡಾಗುತ್ತವೆ, ಎಲೆಗಳು ಸಣ್ಣವಾಗುತ್ತವೆ, ಮುಳ್ಳು ಹೆಚ್ಚುತ್ತದೆ. ಇಷ್ಟನ್ನು ನಾನೇ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿರುವೆನು. ಮಳೆಯನ್ನು ಅಳೆದರೆ ಸಾಕು, ಗಿಡದ ಲೆಕ್ಕ ತಾನಾಗಿ ಸಿಕ್ಕುವದೆಂದು ನಂಬಿಯೂ ಇದ್ದೆನು.

ಇಪ್ಪತ್ತು ವರ್ಷಗಳ ಹಿಂದೆ, ಅಥಣಿಯ ಕಡೆಯ ನನ್ನ ಸೋದರಳಿಯನು ತನ್ನ ಮಡ್ಡಿಯ ಹೊಲದಲ್ಲಿ ಏನು ನೆಡಬೇಕೆಂದು ನನ್ನನ್ನು ಕೇಳಿದನು. ಅದೇ ಊರಿನ ಹಳ್ಳದ ದಂಡೆಯಲ್ಲಿ ಸಾಗವಾನಿಗಳು ಎತ್ತರಕ್ಕೆ ಬೆಳೆದುದನ್ನು ನಾನು ಕಂಡಿದ್ದೆ. ಹಳ್ಳಕ್ಕೂ ಮಡ್ಡಿಗೂ ಮಳೆ ಒಂದೇ. ಅಲ್ಲಿ ಬೆಳೆದುದು ಇಲ್ಲಿಯೂ ಬೆಳೆಯಬೇಕೆಂದು ತರ್ಕ ಮಾಡಿ, ಸಾಗವಾನಿಯನ್ನೇ ಹಚ್ಚೆಂದು ಹೇಳಿದೆನು. ಮಾಸ್ತರನಾದ ಮಾವನ ಮಾತೆಂದು ಅವನು ಬಾರಿಯ ಪೊದೆ, ತಂಗಡಿ, ಕವಳಿಗಳನ್ನೆಲ್ಲ ಕಡಿಸಿ, ಸಾಲಮಾಡಿ ಮುನ್ನೂರು ಸಸಿ ನೆಟ್ಟನು. ಎರಡನೆಯ ಬೇಸಿಗೆ ಮುಗಿಯುವಷ್ಟರಲ್ಲಿ ಅವು ಒಣಗಿದವು. ಬೇರಿನ ಹಿಡಿತವಿಲ್ಲದ ಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗಿ, ಕೆಳಗಿನ ಕಲ್ಲು ಕಾಣಿಸಿತು. ಅಳಿಯನು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಹೊಲದಲ್ಲಿ ದುಡಿಯುತ್ತಿದ್ದ ಮುದುಕನೊಬ್ಬನು ಆಗ ಅಂದದ್ದು ಇನ್ನೂ ನೆನಪಿದೆ: “ಮಡ್ಡಿ ಏನ್ ಬೆಳಸಬೇಕು ಅಂತ ನಾವ್ ಹೇಳೂದಲ್ಲರಿ ಮಾಸ್ತರ. ಅದು ಏನ್ ಬೆಳಸೈತಿ ಅಂತ ನೋಡೂದು.”

ನೋಡಿದರೆ ಎಲ್ಲವೂ ಅಲ್ಲಿಯೇ ಬರೆದಿತ್ತು. ಮಡ್ಡಿಯ ಮೇಲೆ ಮಣ್ಣು ಗೇಣುದ್ದ, ಕೆಳಗೆ ಗರಸು. ಬಿದ್ದ ನೀರು ಇಳಿದು ಹರಿದುಹೋಗುವದು. ಅಲ್ಲಿ ತಂಗಡಿ, ಬಾರಿಯಂಥ ಪೊದೆಗಳಿಗಷ್ಟೇ ಬಾಳುವೆ. ಕೆಳಗಿನ ಎರೆಯ ಹೊಲ ನೀರನ್ನು ಬಹುಕಾಲ ಹಿಡಿದಿಡುವದು ನಿಜ, ಆದರೆ ಜಿಪುಣನ ಗಂಟಿನಂತೆ ಬಿಗಿಯಾಗಿ. ಬೇಸಿಗೆಯಲ್ಲಿ ಬಿರಿದು ಎಳೆಯ ಬೇರುಗಳನ್ನು ಹರಿದೂಬಿಡುವದು. ಅದನ್ನು ಸಹಿಸುವದು ಕರಿಜಾಲಿ, ಮತ್ತು ಬೇರನ್ನು ಬಹು ಆಳಕ್ಕಿಳಿಸುವ ಬನ್ನಿ. ಹಳ್ಳದ ದಂಡೆಯಲ್ಲಿ ಸುತ್ತಲಿನ ಹೊಲಗಳ ನೀರೂ ಮಣ್ಣೂ ಬಂದು ಕೂಡುವದರಿಂದ ಅತ್ತಿ, ಹುಲಗಲ, ಲಕ್ಕಿಗಳು. ನಮ್ಮ ಅಂಕಲಿಯ ದಂಡೆಯ ಮರಗಳಂತೂ ಮಹಾಬಳೇಶ್ವರದಲ್ಲಿ ಸುರಿದ ಮಳೆಯನ್ನು ಕುಡಿಯುತ್ತವೆ. ಶಮಿಯೂ ಕಕುಭವೂ ಒಂದೇ ಜಾಂಗಲದೇಶದಲ್ಲಿ ಇರುವ ಬಗೆ ಹೀಗೆ. ಮೇಲಿನಿಂದ ಬರುವ ಮಳೆ ಒಂದೇ. ಅದನ್ನು ಹಂಚುವದು ನೆಲ. ಮಳೆ ಕಡಿಮೆಯಾದಷ್ಟೂ ಆ ಹಂಚಿಕೆಯ ಅಂತರ ಹೆಚ್ಚು ತೋರುವದು. ಅಪಾರ ಮಳೆಯ ಆಂಬೋಲಿಯಲ್ಲಿ ಮೊಳಮಣ್ಣಿನ ಕೊರತೆಯನ್ನು ನೀರು ಎಷ್ಟೋ ತುಂಬಿಕೊಡಬಹುದು. ಅಥಣಿಯಲ್ಲಿ ಆ ಮೊಳವೇ ಜೀವನ್ಮರಣದ ಪ್ರಶ್ನೆ.

ಇನ್ನೂ ಒಂದು ಕಾರಣವುಂಟು: ಬೀಜವನ್ನು ಒಯ್ಯುವವರು. ಜಾಲಿಯ ಕಾಯಿಯನ್ನು ಕುರಿ, ಮೇಕೆಗಳು ತಿಂದು, ಬೀಜವನ್ನು ಹಿಕ್ಕೆಯಲ್ಲಿ ದಾರಿಯುದ್ದಕ್ಕೂ ಬಿತ್ತುತ್ತವೆ. ಬೇವಿನ ಹಣ್ಣನ್ನು ತಿಂದ ಹಕ್ಕಿಗಳು ಬದುವಿನಲ್ಲಿ ಸಸಿಯೆಬ್ಬಿಸುತ್ತವೆ. ಅಮೇರಿಕಾ ಖಂಡದಿಂದ 1870ರ ದಶಕದಲ್ಲಿ ಭಾರತಕ್ಕೆ ಬಂದ ಬಳ್ಳಾರಿ ಜಾಲಿಯೂ ದನಕರುಗಳ ಹೊಟ್ಟೆಯ ಮೂಲಕವೇ ಹಬ್ಬಿದೆ. ಸವಳು ಬಿದ್ದು ಕೈಬಿಟ್ಟ ನೆಲದಲ್ಲಿಯೂ ಅದು ನಿಲ್ಲುವದು. ನಿಂತ ಕಡೆಗೆ ಹಳೆಯ ಗಿಡಗಳಿಗೆ ಎಡೆ ಕೊಡುವದು ಅಪರೂಪ.

ಈ ವರ್ಷ ಮುಂಗಾರಿಗೆ ಮೊದಲು ಅಳಿಯನು ಬಂದು, “ಮಾಮಾ, ಮಡ್ಡಿಗೆ ಈಗ ಏನ್ ಹಚ್ಚೂಣ್ರಿ?” ಎಂದು ಮತ್ತೆ ಕೇಳಿದನು. ಅವನ ನಂಬಿಗೆ ಇನ್ನೂ ಉಳಿದಿರುವದನ್ನು ಕಂಡು ನನ್ನ ಕಣ್ಣು ತುಂಬಿದವು. ಇಬ್ಬರೂ ಹೊಲಕ್ಕೆ ಹೋದೆವು. ಕಲ್ಲಿನ ಸಂದಿಗಳಲ್ಲಿ ತಂಗಡಿ ತಾನೇ ತಿರುಗಿ ಬಂದಿತ್ತು. ಬದುವಿನ ಬುಡದಲ್ಲಿ ಎರಡು ಬೇವಿನ ಸಸಿ, ಒಂದು ಬಾರಿ. “ಸದ್ಯಕ್ಕೆ ಏನೂ ಹಚ್ಚಬೇಡ, ಬಂದದ್ದನ್ನು ಕಡಿಯಬೇಡ, ಮೇಯಲು ಬಿಡಬೇಡ. ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ಮಣ್ಣು ನಿಲ್ಲಲಿ,” ಎಂದೆನು.

ಮನೆಯಲ್ಲಿ ಸಸಿ ನೆಡಬೇಕೆಂದಿರುವ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೇ: ಪೇಟೆಗೆ ಹೋಗುವ ಮುನ್ನ ಮಕ್ಕಳನ್ನು ಕರೆದುಕೊಂಡು ನಿಮ್ಮದೇ ಬದುವಿನ ಮೇಲೆ ಒಮ್ಮೆ ಅಡ್ಡಾಡಿರಿ. ಹೇಳದೆ ಬೆಳೆದ ಗಿಡಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿರಿ. ನಾನು ಆ ಪಾಠವನ್ನು ಕಲಿತದ್ದು ತಡವಾಗಿ, ಅದೂ ಇನ್ನೊಬ್ಬರ ಖರ್ಚಿನಲ್ಲಿ.